ಮುಚ್ಚಿದ ಕಂಡಿಗಳು

ಒದ್ದೆ ಹೊದಿಕೆಯ ಒಂದು ತುದಿ ಡಾಕ್ಟರಮ್ಮನ ಕೈಯಲ್ಲಿತ್ತು, ಇನ್ನೊಂದು ತುದಿ ಮಗಳ ಕೈಯಲ್ಲಿ. ಹಿತ್ತಲಿನಲ್ಲಿ ಇಬ್ಬರೂ ಎದುರುಬದುರು ನಿಂತು ಅದನ್ನು ಹಿಂಡುತ್ತಿದ್ದರು.

“ಇಬ್ಬರೂ ಅವರವರ ಬಲಕ್ಕೇ ತಿರುಚಬೇಕು ಕಣೇ. ನೀನು ಎಡಕ್ಕೆ ತಿರುಚಿದ್ರೆ ನಾನು ಹಾಕಿದ ಹುರಿ ನೀನು ಬಿಚ್ಚಿದ ಹಾಗಾಗುತ್ತೆ.”

“ನನ್ನ ಬಲ ಅಂದ್ರೆ ನಿನಗೆ ಎಡ ಅಲ್ವಾ?”

“ಅದಕ್ಕೇ ನೀರು ಇಳಿಯೋದು. ತಿರುಚು.”

ಬಟಾಣಿ ತುಟಿ ಕಚ್ಚಿಕೊಂಡು ತಿರುಚಿದಳು. ಹುಟ್ಟಿದಾಗ ಬಟಾಣಿ ಕಾಳಿನಷ್ಟೇ ಇದ್ದಳೆಂದು ತಾತ ಇಟ್ಟ ಹೆಸರು. ಈಗ ಮೂರನೇ ಕ್ಲಾಸಿನ ಟೀಚರೂ ಹಾಗೇ ಕರೆಯುತ್ತಿದ್ದರು. ಕೆಲವು ದಿನಗಳಿಂದ ಹುಡುಗಿ ತಟ್ಟೆಯಲ್ಲಿ ಬಡಿಸಿದ್ದನ್ನು ಬೆರಳಿನಿಂದ ಆಚೀಚೆ ಸರಿಸಿ ಎದ್ದುಬಿಡುತ್ತಿದ್ದಳು. ತಾಯಿ ಪಾತ್ರೆ ತೊಳೆಯುವಾಗ, ನೆಲ ಒರೆಸುವಾಗ, ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದಳು.

“ಅಮ್ಮ...”

“ಏನೇ?”

“ಏನಿಲ್ಲ.”

ಇದು ದಿನಕ್ಕೆ ಹತ್ತಾರು ಸಲ ಆಗುತ್ತಿತ್ತು. ಕೇಳಿದರೆ ಬಾಯಿ ಬಿಡುವ ಮಗುವಲ್ಲ; ಹಣ್ಣಾದಾಗ ತಾನೇ ಬೀಳಲಿ ಎಂದು ಡಾಕ್ಟರಮ್ಮ ಸುಮ್ಮನಿದ್ದಳು.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಕ್ಲಿಪ್ಪಣ್ಣನ ಹೆಂಡತಿ. ಓಡಿ ಬಂದಿದ್ದಳು, ಚಪ್ಪಲಿಯ ಒಂದು ಪಟ್ಟಿ ಕಿತ್ತು ಕಾಲಿಗೆ ಜೋತಾಡುತ್ತಿತ್ತು.

“ಅಕ್ಕ, ಇವತ್ತು ಸಂಜೆ ಒಳಗೆ ನೀವು ಏನೂ ಹೇಳದಿದ್ರೆ ನಾಳೆ ಅವರನ್ನ ಠಾಣೆಯಿಂದ ಜೈಲಿಗೆ ಕಳಿಸ್ತಾರಂತೆ. ಗ್ರಂಥಾಲಯದ ಗೋಡೆ ಇನ್ನೊಂದೇ ಒಂದು ಸಲ ನೋಡಿ ಅಕ್ಕ.”

ಹೊದಿಕೆಯ ಆ ಕಡೆಯ ತುದಿ ಕೆಸರಿಗೆ ಬಿತ್ತು.

“ಕೈ ಜಾರಿತು,” ಎಂದಳು ಬಟಾಣಿ. ಆದರೆ ಅವಳು ನೋಡುತ್ತಿದ್ದುದು ಬಂದವಳ ಮುಖವನ್ನು.

ಗ್ರಂಥಾಲಯದ ಓದುವ ಜಗುಲಿಯಲ್ಲಿ ಗೋಡೆಯ ಸುಟ್ಟಮಣ್ಣಿನ ಹಲಗೆಯೊಂದು ಕಳಚಿ ಗ್ರಂಥಪಾಲಕಿಯ ತಲೆಯ ಮೇಲೆ ಬಿದ್ದು, ಆಕೆ ಆಸ್ಪತ್ರೆ ಸೇರಿ, ಹಲಗೆ ಕೂರಿಸಿದ ಫಿಟ್ಟರು ಠಾಣೆ ಸೇರಿ ವಾರವಾಗುತ್ತ ಬಂದಿತ್ತು. ಕೆಲಸ ಮಾಡುವಾಗ ಕ್ಲಿಪ್ಪುಗಳನ್ನು ತುಟಿಯ ನಡುವೆ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಅವನು ಎಲ್ಲರಿಗೂ ಕ್ಲಿಪ್ಪಣ್ಣ. ಈಗ ಪೊಲೀಸರು ಹೇಳುವುದೂ ಅದೇ ಕ್ಲಿಪ್ಪಿನ ಮಾತು: ಹಲಗೆಯ ಕೆಳಗಿನ ಎರಡು ಕ್ಲಿಪ್ಪು ಜಾಗದಲ್ಲಿ ಇರಲೇ ಇಲ್ಲ, ಇವನು ಹಾಕಿಯೇ ಇಲ್ಲ.

“ಹಾಕದೇ ಇರೋ ಮನುಷ್ಯ ಅಲ್ಲ ಅಕ್ಕ,” ಎಂದು ಹೆಂಡತಿ ಮೆಟ್ಟಿಲ ಮೇಲೆ ಕುಸಿದು ಕೂತಳು. “ಮನೇಲಿ ಚಿಲಕದ ಸ್ಕ್ರೂ ದಿನಾ ಬಿಗಿ ಮಾಡ್ತಾರೆ. ಒಂದಿನ ಬಿಗಿ ಮಾಡಿ ಮಾಡಿ ಚಿಲಕನೇ ಅಲ್ಲಾಡದೆ ನಾವಿಬ್ಬರೂ ಒಳಗೇ ಸಿಕ್ಕಿಹಾಕ್ಕೊಂಡ್ವಿ. ಪಕ್ಕದ ಮನೆಯವರು ಕಿಟಕಿಯಿಂದ ಸುತ್ತಿಗೆ ಕೊಟ್ಟರು. ಅಂಥೋರು ಎರಡು ಕ್ಲಿಪ್ಪು ಬಿಡ್ತಾರಾ?”

ಹೇಳುತ್ತ ನಕ್ಕಳು. ನಕ್ಕದ್ದಕ್ಕೆ ತಾನೇ ನಾಚಿ ಸೆರಗಿನಿಂದ ಬಾಯಿ ಒತ್ತಿಕೊಂಡಳು.

“ನಾನು ಈಗಲೇ ಹೋಗ್ತೀನಿ,” ಎಂದಳು ಡಾಕ್ಟರಮ್ಮ. “ನೀನು ಮನೆಗೆ ಹೋಗಿ ಏನಾದರೂ ತಿನ್ನು. ಸಂಜೆ ಫೋನ್ ಮಾಡ್ತೀನಿ.”

ಆಕೆ ಮನುಷ್ಯರ ನಾಡಿ ಹಿಡಿದವಳಲ್ಲ. ಹೊಸ ಕಟ್ಟಡಗಳಿಗೆ ಹೊರಮೈ ವಿನ್ಯಾಸ ಮಾಡುವುದು, ಹಳೆಯವಕ್ಕೆ ಹೊಸ ಹೊರಮೈ ತೊಡಿಸುವುದು ಆಕೆಯ ಕೆಲಸ. ಯಾವ ಗೋಡೆಗಾದರೂ ಜ್ವರ ಬಂದರೆ, ಬೆವರಿದರೆ, ಬಿರಿದರೆ ಎಲ್ಲರೂ ಆಕೆಗೇ ಹೇಳಿಕಳಿಸುತ್ತಿದ್ದರು. ಗೋಡೆ ಡಾಕ್ಟರಮ್ಮ ಎಂಬ ಹೆಸರು ಹಾಗೆ ಬಂದಿತ್ತು.

ಹೊರಡುವ ಮುಂಚೆ ಅಪ್ಪನ ಕೋಣೆಗೆ ಇಣುಕಿದಳು. ಮುದುಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕೆಲಸದಿಂದ ನಿವೃತ್ತನಾದ ಮೇಲೆ ಅವನ ಬೆಳಗುಗಳೆಲ್ಲ ಕಳೆದದ್ದು ಆ ಓದುವ ಜಗುಲಿಯಲ್ಲೇ. ಹಲಗೆ ಬಿದ್ದ ಮರುದಿನದಿಂದ ಜ್ವರ.

“ಅಪ್ಪ, ಹಾಲು ಇಟ್ಟಿದ್ದೀನಿ. ಆರೋಕೆ ಮುಂಚೆ ಕುಡಿ.”

“ಗ್ರಂಥಪಾಲಕಮ್ಮ ಮಾತಾಡಿದ್ರಾ?”

“ಇನ್ನೂ ಇಲ್ಲ. ಕಣ್ಣು ಬಿಡ್ತಿದ್ದಾರಂತೆ.”

“ಆ ಹುಡುಗನ್ನ ಬಿಟ್ರಾ?”

“ಇಲ್ಲ ಅಪ್ಪ. ಅದಕ್ಕೇ ಹೋಗ್ತಿದ್ದೀನಿ.”

ಮುದುಕ ಹೊದಿಕೆಯನ್ನು ತಲೆಯ ತನಕ ಎಳೆದುಕೊಂಡ. ಹೊದಿಕೆಯೊಳಗೆ ಅವನ ಕಾಲು ಒಮ್ಮೆ ಅಲ್ಲಾಡಿತು, ಅಷ್ಟೆ.

“ಬಟಾಣಿ, ಶಾಲೆಗೆ ರಜೆ ತಾನೇ, ತಾತನ ಹತ್ರ ಕೂತಿರು. ನಿಮ್ಮಪ್ಪ ರಾತ್ರಿ ಪಾಳಿ ಮುಗಿಸಿ ಮಲಗಿದ್ದಾರೆ, ಗಲಾಟೆ ಮಾಡಬೇಡ.”

ಬಟಾಣಿ ಹೊಸ್ತಿಲ ಆಚೆಯೇ ನಿಂತಿದ್ದಳು. ಬೇರೆ ದಿನವಾಗಿದ್ದರೆ ತಾತನ ಮಂಚದಿಂದ ಅವಳನ್ನು ಇಳಿಸುವುದೇ ಕಷ್ಟ.

“ನಾನೂ ಬರ್ತೀನಿ.”

“ಅಲ್ಲೇನಿದೆ ನಿನಗೆ?”

“ಬರ್ತೀನಿ ಅಮ್ಮ.”

ಆ ದನಿಯಲ್ಲಿ ಹಟವಿರಲಿಲ್ಲ. ಅದಕ್ಕೇ ಡಾಕ್ಟರಮ್ಮ ಬೇಡವೆನ್ನಲಿಲ್ಲ.

*

ಗ್ರಂಥಾಲಯ ಒಂದು ಕಾಲದಲ್ಲಿ ಬೇಸಿಗೆಯ ಮಧ್ಯಾಹ್ನ ಕಾದ ಕಾವಲಿಯಾಗುತ್ತಿತ್ತು. ಓದುವವರು ಪುಸ್ತಕ ಬಿಟ್ಟು ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಕೆಡವಿ ಹೊಸದು ಕಟ್ಟೋಣವೆಂಬ ಮಾತು ಬಂದಾಗ, ಬೇಡ, ಮೈ ಗಟ್ಟಿಯಿದೆ, ಬಟ್ಟೆ ಮಾತ್ರ ಬದಲಿಸೋಣ ಎಂದವರೂ ಇದ್ದರು. ಅವರ ಮಾತು ನಡೆಯಿತು; ಹೊಸ ಬಟ್ಟೆಯ ವಿನ್ಯಾಸ ಡಾಕ್ಟರಮ್ಮನದು.

ಹಳೇ ಗೋಡೆಯ ಮೇಲೆ ಶಾಖ ತಡೆಯುವ, ಉಣ್ಣೆಯಂಥ ರಾಕ್‌ವುಲ್ ಹಾಸು. ಅದರ ಮುಂದೆ ಒಂದಿಷ್ಟು ಖಾಲಿ ಜಾಗ. ಎಲ್ಲಕ್ಕೂ ಹೊರಗೆ, ಅಲ್ಯೂಮಿನಿಯಂ ಪಟ್ಟಿಗಳಿಗೆ ಕ್ಲಿಪ್ಪು ಹಾಕಿ ನೇತುಬಿಟ್ಟ ಸುಟ್ಟಮಣ್ಣಿನ ಹಲಗೆಗಳು. ಬಿಸಿಲು ಹಲಗೆಯನ್ನು ಕಾಯಿಸುತ್ತದೆ. ಕಾದ ಗಾಳಿ ಖಾಲಿ ಜಾಗದಲ್ಲೇ ಮೇಲೇರಿ ಹೊರಟುಹೋಗುತ್ತದೆ. ಒಳಗೋಡೆಗೆ ಸುದ್ದಿಯೇ ಮುಟ್ಟುವುದಿಲ್ಲ. ಮಳೆಹನಿ ಸಂದಿಯಿಂದ ನುಸುಳಿದರೂ ಚಿಂತೆಯಿಲ್ಲ. ಹಲಗೆಯ ಬೆನ್ನ ಮೇಲೆ ಇಳಿದು, ಕಿಟಕಿಯ ನೆತ್ತಿಯಲ್ಲಿರುವ ತಗಡಿನ ದೋಣಿಗೆ ಬಿದ್ದು, ಅದರ ಅಂಚಿನ ಸಣ್ಣ ಕಂಡಿಗಳಿಂದ ಹೊರಗೆ ತೊಟ್ಟಿಕ್ಕುತ್ತದೆ. ಉಸಿರಾಡುವ ಗೋಡೆ ಅದು. ಅದರ ಮೂಗಿನ ಹೊಳ್ಳೆಗಳೆಂದರೆ ಆ ಕಂಡಿಗಳು.

ಆದರೆ ಈಗ ಓದುವ ಜಗುಲಿಗೆ ಅಡ್ಡ ಹಗ್ಗ ಕಟ್ಟಿತ್ತು. ಕುರ್ಚಿಗಳನ್ನು ಮಡಚಿ ಒಂದು ಮೂಲೆಗೆ ಒರಗಿಸಿದ್ದರು. ಉದ್ದ ಕಿಟಕಿಯ ಮೇಲೆ, ಹಲಗೆ ಬಿದ್ದ ಜಾಗ ಹಲ್ಲು ಕಿತ್ತ ವಸಡಿನಂತೆ ಕಾಣುತ್ತಿತ್ತು.

“ಡಾಕ್ಟರಮ್ಮ ಬಂದ್ರು ಅಂದ್ರೆ ರೋಗಿ ಇನ್ನೂ ಬದುಕಿದೆ ಅಂತ ಲೆಕ್ಕ,” ಎಂದ ಕಾವಲುಗಾರ, ಹಗ್ಗ ಎತ್ತಿ ಹಿಡಿದು. “ಏನು ಬಟಾಣಿ, ತಾತ ಎಲ್ಲಿ? ಅವರಿಲ್ಲದೆ ಪೇಪರ್ ಓದಿ ಬೈಯೋರೇ ಇಲ್ಲ ಇಲ್ಲಿ.”

ಬಟಾಣಿ ತಾಯಿಯ ಹಿಂದೆ ಸರಿದಳು.

“ಆ ಏಣಿ ತಂದುಕೊಡಪ್ಪ,” ಎಂದಳು ಡಾಕ್ಟರಮ್ಮ.

ಕಪಾಟಿನ ಮೇಲಿನ ಪುಸ್ತಕ ತೆಗೆಯುವ ಮರದ ಏಣಿ. ಕಾವಲುಗಾರ ಅದನ್ನು ನೆಟ್ಟಗೆ ನಿಲ್ಲಿಸುತ್ತ ಗೊಣಗಿದ. “ಈ ಏಣಿಗೂ ಈಗ ಮೈತುಂಬ ಕೆಲಸ. ಅವತ್ತು ಗ್ರಂಥಪಾಲಕಮ್ಮನ್ನ ಗಾಡಿಗೆ ಹತ್ತಿಸಿ ವಾಪಸ್ ಬಂದರೆ ಮ್ಯಾನೇಜರ್ ಸಾಹೇಬ್ರು ಇದನ್ನ ತಾವೇ ಹೊತ್ಕೊಂಡು ಹೋಗ್ತಿದ್ರು. ಬಿದ್ದ ಪೆನ್ನು ಎತ್ತೋಕೆ ನನ್ನನ್ನ ಕರೆಯೋ ಮನುಷ್ಯ.”

ಡಾಕ್ಟರಮ್ಮ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟವಳು ನಿಂತಳು. “ಯಾಕಂತೆ?”

“ಕೇಳೋಕೆ ಧೈರ್ಯ ಬರಲಿಲ್ಲಮ್ಮ. ಮುಖ ಹಾಗಿತ್ತು.”

ಆಕೆ ಮೇಲೇರಿದಳು. ಮೊದಲು ಶಾಖ ತೋರಿಸುವ ಕ್ಯಾಮೆರಾ ತೆಗೆದಳು. ಬಿಸಿಲು ಬಿದ್ದ ಗೋಡೆ ಅದರ ಪರದೆಯ ಮೇಲೆ ಉದ್ದಕ್ಕೂ ಒಂದೇ ಹಳದಿ. ಈ ಕಿಟಕಿಯ ನೆತ್ತಿಯಲ್ಲಿ ಮಾತ್ರ ದಟ್ಟ ನೀಲಿ ಪಟ್ಟಿ. ಒಳಗಿನ ಹಾಸು ಇನ್ನೂ ಒದ್ದೆಯಿತ್ತು. ಮಳೆ ನಿಂತು ಎಷ್ಟೋ ದಿನವಾಗಿದ್ದರೂ ಒದ್ದೆ.

ಆಮೇಲೆ ಟಾರ್ಚು. ಹಲಗೆ ಕಳಚಿದ ಜಾಗದಲ್ಲಿ ಪಟ್ಟಿ ಬೆತ್ತಲಾಗಿತ್ತು. ಪೊಲೀಸರು ನೋಡಿದ್ದು ಇದನ್ನೇ: ಕ್ಲಿಪ್ಪಿಲ್ಲದ ಪಟ್ಟಿ. ಆಕೆ ಟಾರ್ಚನ್ನು ಓರೆಯಾಗಿ ಹಿಡಿದಳು. ನೇರ ಬೆಳಕಿಗೆ ಕಾಣದ್ದು ಓರೆ ಬೆಳಕಿಗೆ ಎದ್ದು ಬಂತು. ಕೊಳೆ ಹಿಡಿದ ಪಟ್ಟಿಯ ಮೇಲೆ ಎರಡು ಕಡೆ ಕ್ಲಿಪ್ಪಿನಾಕಾರದ ಸ್ವಚ್ಛ ಗುರುತು, ಸುತ್ತ ತುಕ್ಕಿನ ಅಂಚು. ಗೋಡೆಯಿಂದ ಹಳೇ ಪಟ ಇಳಿಸಿದರೆ ಹಿಂದೆ ಬೆಳ್ಳಗೆ ಚೌಕ ಉಳಿಯುತ್ತದಲ್ಲ, ಹಾಗೆ. ಹಾಕದ ಕ್ಲಿಪ್ಪು ಗುರುತು ಬಿಡುವುದಿಲ್ಲ.

“ಇದ್ದವು,” ಎಂದು ಆಕೆ ತನಗೆ ತಾನೇ ಹೇಳಿಕೊಂಡಳು. “ಇದ್ದು, ಕರಗಿ ಹೋದವು.”

ಹಾವಿನಂಥ ಸಣ್ಣ ಕ್ಯಾಮೆರಾವನ್ನು ದೋಣಿಯೊಳಗೆ ಇಳಿಬಿಟ್ಟಳು. ತಳದ ಕೆಸರಿನಲ್ಲಿ ತುಕ್ಕಿನ ಚೂರುಗಳು ಬಿದ್ದಿದ್ದವು. ಒಂದರಲ್ಲಿ ಕ್ಲಿಪ್ಪಿನ ಬಾಗು ಇನ್ನೂ ಗುರುತು ಸಿಗುವಂತಿತ್ತು. ಕ್ಲಿಪ್ಪಣ್ಣ ತನ್ನ ಕೆಲಸ ಮಾಡಿದ್ದ. ನಿಂತ ನೀರು ಅದನ್ನು ತಿಂದುಹಾಕಿತ್ತು. ನೀರು ಕುಡಿದು ಭಾರವಾದ ಹಾಸು ಜಗ್ಗಿ, ಒಳಗಿನಿಂದ ಹಲಗೆಯನ್ನು ಹೊರಕ್ಕೆ ನೂಕಿತ್ತು.

ಸರಿ, ಆದರೆ ನೀರು ನಿಂತದ್ದು ಹೇಗೆ? ಕಂಡಿಗಳು ಕಣ್ಣೆದುರೇ ಬಾಯಿ ತೆರೆದುಕೊಂಡಿದ್ದವು.

ಆಕೆ ಒಂದೊಂದರ ಅಂಚನ್ನೂ ಬೆರಳಿನಿಂದ ಸವರುತ್ತ ಹೋದಳು. ಮೂರನೆಯದರಲ್ಲಿ ಬೆರಳು ಚುರುಕ್ಕೆಂದಿತು. ತಗಡಿನ ಮೇಲೆ ಗೀರು. ಹೊಸದು, ಥಳಥಳ ಹೊಳೆಯುತ್ತಿತ್ತು. ಮುಂದಿನದರಲ್ಲೂ ಗೀರು. ಅದರ ಮುಂದಿನದರಲ್ಲೂ.

ಇವು ಮೊದಲಿನಿಂದ ತೆರೆದಿದ್ದ ಕಂಡಿಗಳಲ್ಲ. ಯಾರೋ ಮೊನ್ನೆ ಮೊನ್ನೆ ಚುಚ್ಚಿ ತೆರೆದವು.

“ಅಮ್ಮ,” ಎಂದಳು ಕೆಳಗಿನಿಂದ ಬಟಾಣಿ.

“ಏನೇ?”

“ಏನಿಲ್ಲ. ಏಣಿ ಅಲ್ಲಾಡ್ತಿದೆ.”

ಏಣಿ ಅಲ್ಲಾಡುತ್ತಿರಲಿಲ್ಲ. ಬಟಾಣಿ ಅದನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು. ಆದರೆ ಡಾಕ್ಟರಮ್ಮ ಆಗ ಕೆಳಗೆ ನೋಡಲಿಲ್ಲ. ಚಿಮಟದಿಂದ ದೋಣಿಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಗಟ್ಟಿ ತುಣುಕೊಂದನ್ನು ಎಳೆಯುತ್ತಿದ್ದಳು.

ಕಂಡಿಯ ಅಚ್ಚಿನಂತೆ ಇಡಿಯಾಗಿ ಬಂತು. ಈ ಕೆಲಸದವರು ಬಳಸುವ ರಬ್ಬರಿನ ಅಂಟಲ್ಲ, ಗಾರೆ. ಅದೂ ಬರೀ ಸಿಮೆಂಟಲ್ಲ. ಒಡೆದ ಹಲಗೆಯ ಚೂರನ್ನು ಕುಟ್ಟಿ, ಜರಡಿ ಹಿಡಿದು, ಬಣ್ಣ ಕೂಡುವ ತನಕ ಬೆರೆಸಿದ ಗಾರೆ. ಹತ್ತಿರ ನಿಂತು ನೋಡಿದವರಿಗೂ ಮುಚ್ಚಿದ್ದು ಗೊತ್ತಾಗಿರಲಾರದು. ಹೊರಮುಖವನ್ನು ಚಮಚದ ಬೆನ್ನಿನಿಂದ ಉಜ್ಜಿದಂತೆ ನಯ ಮಾಡಿ, ನೀರು ಹೊರಕ್ಕೆ ಜಾರಲೆಂದು ಕೊಂಚ ಇಳಿಜಾರು ಕೊಟ್ಟು, ತುದಿಯಲ್ಲಿ ಹನಿ ಗೋಡೆಗಂಟದೆ ಉದುರಲೆಂದು ಕೂದಲೆಳೆಯಷ್ಟು ಮೂಗು ತೆಗೆದಿದ್ದರು.

ಕೆಡಿಸಬೇಕೆಂದು ಬಂದವರ ಕೈಯಲ್ಲ ಇದು. ಪ್ರೀತಿಯಿಂದ, ಪುರುಸೊತ್ತಿನಿಂದ ಮಾಡಿದ ಕೆಲಸ. ಗೋಡೆಯಲ್ಲಿ ತೂತು ಕಂಡರೆ ತಡೆಯಲಾರದ ಯಾರೋ ಮಾಡಿದ್ದು.

ಆ ನಯ ಆಕೆಯ ಹೆಬ್ಬೆರಳಿಗೆ ಎಲ್ಲೋ ಪರಿಚಯವಿದ್ದಂತೆ ಅನಿಸಿತು. ಎಲ್ಲಿ ಎಂದು ಕೇಳಿಕೊಳ್ಳುವ ಮೊದಲೇ ತುಣುಕನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದಳು.

*

ಗ್ರಂಥಾಲಯದ ಮ್ಯಾನೇಜರನ ಕೋಣೆಯಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು. ಅವನು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ತೆಗೆಯುವುದು. ಬಟಾಣಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಡಾಕ್ಟರಮ್ಮ ಒಳಗೆ ಬಂದು ಚೀಲವನ್ನು ಮೇಜಿನ ಮೇಲಿಟ್ಟಳು.

ಮುಚ್ಚಳ ನಿಂತಿತು.

“ಏನಿದು ಮೇಡಂ?”

“ನೀವೇ ಚುಚ್ಚಿ ಒಳಕ್ಕೆ ಬೀಳಿಸಿದ್ದು. ಎಲ್ಲ ಹೊರಗೆ ಎಳೆದು ಹಾಕೋಕೆ ಟೈಮ್ ಸಿಗಲಿಲ್ಲ ಅನ್ಸುತ್ತೆ.”

“ನಾನ್ಯಾಕೆ...”

“ಹೆಬ್ಬೆರಳಿಗೆ ಪಟ್ಟಿ ಯಾಕೆ ಹಾಕಿದ್ದೀರಿ?”

ಅವನು ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ. “ತರಕಾರಿ ಹೆಚ್ಚುವಾಗ ಆಯ್ತು.”

“ನೀವು ತರಕಾರಿ ಹೆಚ್ಚಿದ್ದು ನಿಮ್ಮ ಮನೆಯವರಿಗೆ ಗೊತ್ತಾ? ಫೋನ್ ಮಾಡಿ ಕೇಳ್ಲಾ?”

ಅವನ ತುಟಿ ಒಂದು ಕ್ಷಣ ನಗುವಿಗೆ ತಿರುಗಿ, ದಾರಿ ತಪ್ಪಿ ನಡುಗಿತು. ಎದ್ದು ಬಾಗಿಲು ಹಾಕಿಬಂದ. ಕೂರಲಿಲ್ಲ.

“ಹೌದು, ಚುಚ್ಚಿದೆ. ಸ್ಕ್ರೂಡ್ರೈವರ್‌ನಲ್ಲಿ. ಅವತ್ತು ಹಲಗೆ ಬಿದ್ದಾಗ ಮೇಲೆ ನೋಡಿದೆ. ಗೋಡೆ ಒಳಗಿಂದ ನೀರು ಸುರೀತಿತ್ತು ಮೇಡಂ. ಬಿಸಿಲಲ್ಲಿ. ಆಗ ತಲೆಗೆ ಹೊಳೀತು, ಕಂಡಿ ಮುಚ್ಚಿದ್ದಕ್ಕೇ ಹೀಗಾಯ್ತು ಅಂತ.”

“ಮುಚ್ಚಿದ್ದು ನಿಮಗೆ ಮುಂಚೆನೇ ಗೊತ್ತಿತ್ತು.”

“ಗೊತ್ತಿತ್ತು. ಸಂತೋಷನೂ ಆಗಿತ್ತು. ಆ ಕಂಡಿಗಳಲ್ಲಿ ಕಣಜ ಗೂಡು ಕಟ್ಟಿತ್ತು. ಓದೋರು ದಿನಾ ಬಂದು ನನ್ನ ಪ್ರಾಣ ತಿಂತಿದ್ರು. ಹೋದ ಬೇಸಿಗೆ ಒಂದು ಮಗುಗೆ ಕಣ್ಣ ರೆಪ್ಪೆ ಮೇಲೇ ಕುಟುಕಿತು. ಆಮೇಲೆ ಒಂದಿನ ನೋಡ್ತೀನಿ, ಕಣಜನೂ ಇಲ್ಲ, ಕಂಡಿನೂ ಇಲ್ಲ. ಅಚ್ಚುಕಟ್ಟಾಗಿ ಮುಚ್ಚಿದೆ. ‘ಭೇಷ್’ ಅಂದೆ ನಾನು. ಕೈ ಕುಲುಕಿದೆ.”

ಡಾಕ್ಟರಮ್ಮ ಮುಚ್ಚಿದ ಬಾಗಿಲ ಕಡೆ ನೋಡಿದಳು. ರೆಪ್ಪೆ ಊದಿ ಎರಡು ದಿನ ಕಣ್ಣು ತೆರೆಯಲಾಗದಿದ್ದ ಆ ಮಗು ಬಾಗಿಲಾಚೆ ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತಿತ್ತು.

“ಕೆಳಗಿಂದ ಜಾಲರಿ ಹಾಕಬಹುದಿತ್ತು,” ಎಂದಳು. ತನ್ನ ದನಿ ದೂರದಿಂದ ಬಂದಂತಿತ್ತು. “ಸಣ್ಣ ಕಣ್ಣಿನ ಜಾಲರಿ. ಕಣಜ ಹೋಗಲ್ಲ, ನೀರು ಬರುತ್ತೆ. ನನಗೊಂದು ಮಾತು ಹೇಳಿದ್ರೆ ಅರ್ಧ ದಿನದ ಕೆಲಸ.”

“ಗೋಡೇಲಿ ತೂತು ಬೇಕು ಅಂತ ಯಾರಿಗೆ ಗೊತ್ತು ಮೇಡಂ? ತೂತು ಮುಚ್ಚಿದ್ರೆ ಒಳ್ಳೇದು ಅಂತಾನೇ ಹುಟ್ಟಿದಾಗಿಂದ ಕೇಳಿದ್ದು.”

“ಯಾರ ಕೈ ಕುಲುಕಿದ್ರಿ?”

ಅವನು ಮತ್ತೆ ಪೆನ್ನು ಹುಡುಕಿದ. ಅದು ಕೈಯಲ್ಲೇ ಇತ್ತು.

“ಅದು ಬೇಡ.”

“ಕ್ಲಿಪ್ಪಣ್ಣ ಒಳಗಿದ್ದಾನೆ.”

“ಗೊತ್ತು. ರಾತ್ರಿ ನಿದ್ದೆ ಬರಲ್ಲ ನನಗೆ.”

“ನಿಮ್ಮ ನಿದ್ದೆ ಕಟ್ಕೊಂಡು ಅವನ ಹೆಂಡತಿಗೆ ಏನಾಗಬೇಕು? ಹೆಸರು ಹೇಳಿ.”

“ಮೇಡಂ, ನಾನು ಬಾಯಿ ಬಿಟ್ರೆ ನಿಮಗೇ ಒಳ್ಳೇದಲ್ಲ.”

ಡಾಕ್ಟರಮ್ಮ ಕುರ್ಚಿಯಿಂದ ಎದ್ದಳು. ಇಂಥ ಮಾತು ಆಕೆಗೆ ಹೊಸದಲ್ಲ. ದೊಡ್ಡ ದೊಡ್ಡ ಕಟ್ಟಡಗಳ ದೊಡ್ಡ ದೊಡ್ಡ ಮನುಷ್ಯರು ಮೀಸೆ ತಿರುವಿ ಹೇಳಿದ್ದರು.

“ಹೆದರಿಸ್ತಿದ್ದೀರಾ?”

“ಇಲ್ಲಮ್ಮ.” ಅವನ ಕಣ್ಣು ತುಂಬಿ ಬಂದದ್ದು ಕಂಡು ಆಕೆಗೆ ದಿಕ್ಕು ತೋಚಲಿಲ್ಲ. ಮೇಡಂ ಎಂಬ ಮಾತು ಯಾವಾಗ ಬಿದ್ದುಹೋಯಿತೋ. “ನಾನು ನೌಕರಿ ಉಳಿಸ್ಕೊಳ್ಳೋಕೆ ಚುಚ್ಚಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಹೆಸರು ಹೇಳದೇ ಇರೋದು ಅದಕ್ಕಲ್ಲ. ಆ ಫಿಟ್ಟರ್ ಇನ್ನೂ ಹುಡುಗ. ಇವತ್ತಲ್ಲ ನಾಳೆ ಹೊರಗೆ ಬರ್ತಾನೆ. ಕೆಲವರಿಗೆ ಒಳಗೆ ಹೋಗಿ ಹೊರಗೆ ಬರೋ ವಯಸ್ಸು ಇರಲ್ಲಮ್ಮ.”

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಆಕೆ ಚೀಲವನ್ನು ಎತ್ತಿಕೊಂಡಳು. ಮತ್ತೊಮ್ಮೆ ಹೆಸರು ಕೇಳದೆ ಬಾಗಿಲ ಕಡೆ ನಡೆದಳು. ಕೇಳಿದರೆ ಅವನು ಹೇಳಿಬಿಡುವನೆಂದು ಈಗ ಭಯವಾಗಿತ್ತು.

*

ಜಗುಲಿಗೆ ಮರಳಿ, ಮಡಚಿದ ಕುರ್ಚಿಗಳಲ್ಲಿ ಎರಡನ್ನು ಬಿಡಿಸಿ ನೆರಳಿಗೆ ಹಾಕಿದಳು. ಕೂರಲಾಗಲಿಲ್ಲ. ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದಳು, ಓಡಾಡುತ್ತಲೇ.

“ಕ್ಲಿಪ್ಪು ಇದ್ದವು ಸಾರ್. ಗುರುತು ಇದೆ, ಚೂರುಗಳೂ ಸಿಕ್ಕಿವೆ. ನೀರು ನಿಂತು ತುಕ್ಕು ಹಿಡಿದು ಹೋಗಿವೆ. ನೀರು ಹೋಗೋ ಕಂಡಿಗಳನ್ನ ಯಾರೋ ಮುಚ್ಚಿದ್ರು.”

“ಯಾರು?”

“ಅದು ಆಮೇಲೆ. ಫಿಟ್ಟರ್ ತಪ್ಪಿಲ್ಲ ಅನ್ನೋದಂತೂ...”

“ಮೇಡಂ, ಅವನೇ ಮುಚ್ಚಿರಬಹುದಲ್ಲ? ಗೋಡೆ ಅವನದು, ಸಾಮಾನು ಅವನ ಕೈಯಲ್ಲಿತ್ತು. ಕ್ಲಿಪ್ಪಿನ ಕೇಸು ಹೋಗಿ ಕಂಡಿ ಕೇಸು ಆಗುತ್ತೆ, ಅಷ್ಟೆ. ಅವನನ್ನ ಬಿಡಬೇಕು ಅಂದ್ರೆ ಮುಚ್ಚಿದವರ ಹೆಸರು ಬೇಕು ನನಗೆ. ಇಂಥವರು ಅಂತ ನೀವು ಬರೆದು ಸಹಿ ಹಾಕಿ, ಸಂಜೆನೇ ಮನೆಗೆ ಕಳಿಸ್ತೀನಿ.”

“ನನಗೆ ಸ್ವಲ್ಪ ಟೈಮ್ ಬೇಕು.”

“ಟೈಮ್ ಅವನ ಹೆಂಡತಿಗೆ ಇಲ್ಲ ಮೇಡಂ. ನಿಮ್ಮನ್ನ ನೋಡಿ ಬಂದಾಗಿಂದ ಸ್ಟೇಷನ್ ಮೆಟ್ಟಿಲ ಮೇಲೇ ಕೂತಿದ್ದಾಳೆ. ಎಬ್ಬಿಸಿದ್ರೂ ಏಳ್ತಿಲ್ಲ.”

ಮನೆಗೆ ಹೋಗಿ ತಿನ್ನು ಎಂದು ತಾನು ಹೇಳಿದ್ದಳಲ್ಲ. ಅವಳು ಹೋಗಿಯೇ ಇಲ್ಲ.

ಡಾಕ್ಟರಮ್ಮ ಕಂಪ್ಯೂಟರ್ ತೆರೆದು ತೊಡೆಯ ಮೇಲಿಟ್ಟುಕೊಂಡಳು. ಕೆಲಸ ಮಾಡುತ್ತಿದ್ದರೆ ತಲೆ ತಾನಾಗಿ ಸುಮ್ಮನಾಗುತ್ತದೆ ಎಂಬುದು ಆಕೆಯ ನಂಬಿಕೆ. ಇಂದು ಆಗಲಿಲ್ಲ. ಒಂದು ಸಾಲು ಬರೆದಳು. ನೀರಿನ ಕಂಡಿಗಳನ್ನು ಗಾರೆಯಿಂದ ಮುಚ್ಚಲಾಗಿತ್ತು. ಎದ್ದಳು. ನೀರು ಕುಡಿದಳು. ಮತ್ತೆ ಕೂತಳು.

ಗಾರೆ ಎಂಬ ಮಾತನ್ನು ಬರೆದದ್ದೇ ತಪ್ಪಾಯಿತು. ಮನೆಯಲ್ಲಿ ಊಟದ ಹೊತ್ತಿನ ಹಳೇ ಜಗಳವೊಂದು ಎದ್ದು ಬಂದು ಮುಂದೆ ಕೂತಿತು. ಜಗಳವಲ್ಲ, ತಮಾಷೆ. ಗಾರೆ ಮೇಸ್ತ್ರಿಯಾಗಿ ಬದುಕು ಸವೆಸಿದ ಅಪ್ಪ, ಮಗಳ ನಕ್ಷೆಗಳನ್ನು ಕನ್ನಡಕ ಏರಿಸಿ ನೋಡಿ ಹೇಳುತ್ತಿದ್ದ: “ತೂತಿಲ್ಲದ ಗೋಡೆ ಕಟ್ಟೋದು ಕಲಿಯೋಕೆ ನನಗೆ ಅರ್ಧ ಆಯಸ್ಸು ಹಿಡೀತು. ತೂತು ಬಿಡೋದು ಕಲಿಯೋಕೆ ನಿನ್ನನ್ನ ನಾನೇ ಕಾಲೇಜಿಗೆ ಕಳಿಸಿದೆ.” ಆಕೆ ನಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆ ತೂತು ಯಾಕೆ ಬೇಕು ಎಂದು ಒಂದು ದಿನವಾದರೂ ಕೂತು ಬಿಡಿಸಿ ಹೇಳಿರಲಿಲ್ಲ. ಹೇಳಬೇಕಾದ ಒಬ್ಬ ಮನುಷ್ಯನಿಗೆ.

ಊರಿನಲ್ಲಿ ಗಾರೆ ಕೆಲಸದವರು ಎಷ್ಟು ಜನರಿಲ್ಲ. ನೂರಾರು ಮಂದಿ. ಇಳಿಜಾರು ಕೊಡುವುದು ಎಲ್ಲರಿಗೂ ಗೊತ್ತು. ಮೂಗು ತೆಗೆಯುವುದೂ ಗೊತ್ತಿರಬಹುದು. ಹೀಗೆ ಯೋಚಿಸುತ್ತ ಆಕೆ ಎರಡನೆಯ ಸಾಲು ಬರೆದಳು. ಫಿಟ್ಟರನ ಕೆಲಸದಲ್ಲಿ ಯಾವ ದೋಷವೂ ಇಲ್ಲ. ಅದು ನಿಜವಾಗಿತ್ತು, ಬೆರಳು ಸರಾಗವಾಗಿ ಓಡಿತು. ಮೂರನೆಯ ಸಾಲು ಶುರು ಮಾಡಿದಳು. ಕಂಡಿಗಳನ್ನು ಮುಚ್ಚಿದವರು.

ಅಲ್ಲಿಗೆ ಬೆರಳು ನಿಂತಿತು. ಪರದೆಯ ಮೇಲೆ ಗೀಟೊಂದು ಮಿಟುಕಿ ಮಿಟುಕಿ ಕಾಯುತ್ತಿತ್ತು.

“ಗೊತ್ತಿಲ್ಲ ಅಂತ ಬರೆಯಬಹುದಾ ಅಮ್ಮ?”

ಬಟಾಣಿ ಯಾವಾಗ ಬಂದು ಭುಜದ ಹಿಂದೆ ನಿಂತಳೋ.

“ಗೊತ್ತಿಲ್ಲದಿದ್ರೆ ಬರೆಯಬಹುದು.”

“ಗೊತ್ತಿದ್ರೆ?”

ಡಾಕ್ಟರಮ್ಮ ತಿರುಗಿ ನೋಡಿದಳು. ಹುಡುಗಿ ಅಳುತ್ತಿರಲಿಲ್ಲ. ಅತ್ತು ಮುಗಿಸಿದವರ ಹಾಗೆ ಮುಖ ಒಣಗಿತ್ತು. ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಗಿಯಾಗಿ ಹುರಿ ಮಾಡಿಕೊಂಡಿದ್ದಳು.

“ಆ ಕ್ಲಿಪ್ಪು ಮಾವನ ಹೆಂಡತಿ ಬೆಳಗ್ಗೆ ನಕ್ಕರಲ್ಲ, ಚಿಲಕದ ವಿಷಯ ಹೇಳಿ. ಆಗಲೇ ನಿನಗೆ ಹೇಳಿಬಿಡಬೇಕು ಅನ್ನಿಸ್ತು, ಆದ್ರೆ ಆಗಲಿಲ್ಲ. ತಾತ ಹೇಳಿದ್ರು, ಗೋಡೆ ಗಟ್ಟಿ ಮಾಡಿದ್ದೀವಿ ಇಬ್ಬರೂ ಸೇರಿ, ಇದು ನಮ್ಮಿಬ್ಬರ ಗುಟ್ಟು, ಅಮ್ಮಂಗೆ ಹೇಳಿದ್ರೆ ಅವಳ ತೂತು ಮುಚ್ಚಿದ್ವಿ ಅಂತ ಬೈತಾಳೆ ಅಂತ. ತಮಾಷೆಗೆ ಹೇಳಿದ್ದು ಅಮ್ಮ. ಇಬ್ಬರೂ ನಕ್ಕಿದ್ವಿ.”

ಡಾಕ್ಟರಮ್ಮನ ಕೈ ತಾನಾಗಿ ಮಗಳ ಕಡೆ ಚಾಚಿತು. ಬಟಾಣಿ ಒಂದು ಹೆಜ್ಜೆ ಹಿಂದೆ ಸರಿದಳು. ಅಪ್ಪಿಕೊಂಡರೆ ಮಾತು ನಿಂತುಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು, ಜನ ಇಳಿದು, ಹೊರಟುಹೋಯಿತು.

“ನನಗೆ ಕಣಜ ಕಚ್ಚಿದ್ದಕ್ಕೇ ತಾತ ಹಾಗೆ ಮಾಡಿದ್ದು,” ಎಂದಳು ಬಟಾಣಿ. ವಾರದಿಂದ ನುಂಗುತ್ತ ಬಂದದ್ದು ಈಗ ಒಂದೊಂದೇ ಮಾತಾಗಿ, ನಿಧಾನವಾಗಿ, ಜೋರಾಗಿ ಹೊರಬಂತು. “ಅವರು ಮೇಲೆ ಹತ್ತಿದಾಗ ಏಣಿ ಹಿಡ್ಕೊಂಡಿದ್ದು ನಾನು. ನೀನು ಅಲ್ಲಿ ತಾತನ ಹೆಸರು ಬರೆದ್ರೆ, ಪಕ್ಕದಲ್ಲಿ ನನ್ನ ಹೆಸರನ್ನೂ ಬರೀತೀಯಾ ಅಮ್ಮ?”